ಗಿರಣಿಯಲ್ಲಿ ಬಿದ್ದ ಕೆಮ್ಮು

ಕೆಮ್ಮಿನ ರೋಗ ಬಂದ ವರ್ಷದಿಂದ ನಮ್ಮೂರಿನಲ್ಲಿ ಯಾವುದೇ ಅಂಗಡಿಯೊಳಗೆ ಯಾರಾದರೂ ಕೆಮ್ಮಿದರೆ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಕೆಮ್ಮಿದವರು ಬಾಯಿಬಿಟ್ಟು 'ನಂದು' ಎನ್ನುವ ತನಕ ತೆರೆಯುತ್ತಿರಲಿಲ್ಲ. ಮೊದಮೊದಲು ಜನ ಇದರ ಬಗ್ಗೆ ತಲೆ ಕೆಡಿಸಿಕೊಂಡರು. ಬಡಗಿಯನ್ನು ಕರೆಸಿ ಚಿಲಕ ಬಿಚ್ಚಿಸಿದರು, ಕದವನ್ನೇ ಕಿತ್ತು ಹೊಸದು ಹಾಕಿಸಿದರು. ಹೊಸ ಕದ ಹಳೆಯದಕ್ಕಿಂತ ಬಿಗಿಯಾಗಿ ಮುಚ್ಚಿಕೊಂಡಿತು. ಆಮೇಲೆ ಎಲ್ಲರೂ ಕೈಬಿಟ್ಟರು. ಮಳೆ ಬಂದರೆ ತಲೆಯ ಮೇಲೆ ಗೋಣಿತಾಟು ಹಾಕಿಕೊಳ್ಳುತ್ತೇವೆಯೇ ಹೊರತು ಯಾಕೆ ಬಂದೆ ಎಂದು ಮಳೆಯನ್ನು ಕೇಳುತ್ತಾ ಕೂಡುವುದಿಲ್ಲವಲ್ಲ.

ಬಾಗಿಲಿನದು ಒಂದು ತೂಕವಾದರೆ ಅದರ ಸುತ್ತ ಬೆಳೆದ ರೀತಿ ರಿವಾಜಿನದು ಇನ್ನೊಂದು ತೂಕ. ಕೆಮ್ಮು ಬಿದ್ದ ಕೂಡಲೇ ಒಳಗಿದ್ದವರೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ನೋಡಿದರೆ ಬೆರಳು ಮಾಡಿ ತೋರಿಸಿದಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ನಾವು. ಮುಖ ಮುಖ ನೋಡುತ್ತಾ ನಿಂತಿದ್ದರೆ ಊರಲ್ಲಿ ಹೊಡೆದಾಟಗಳೇ ಆಗುತ್ತಿದ್ದವು. ಕೆಮ್ಮಿದವರು ಮೆಲ್ಲಗೆ 'ನಂದು' ಎನ್ನುತ್ತಾರೆ, ಬಾಗಿಲು ತೆರೆಯುತ್ತದೆ, ಉಳಿದವರು ಗೋಡೆಗೇ ಹೇಳಿದಂತೆ 'ಆರಾಮಾಗಿ ಬರ್ರಿ' ಎನ್ನುತ್ತಾರೆ. ಕೆಮ್ಮಿದವರು ಮನೆಗೂ ಹೋಗದೆ, ಮೈಮೇಲಿನ ಬಟ್ಟೆಯಲ್ಲೇ ಸೇತುವೆ ದಾಟಿ, ಹಳ್ಳದಾಚೆ ರೋಗಿಗಳಿಗೆಂದು ಬಿಟ್ಟ ಛತ್ರ ಸೇರುತ್ತಾರೆ. ಧ್ವನಿ ಯಾರದೆಂದು ಎಲ್ಲರಿಗೂ ತಿಳಿದಿರುತ್ತದೆ. ಆದರೂ ಯಾರೂ ಆಡುವುದಿಲ್ಲ. ಗಂಡ ಛತ್ರದಲ್ಲಿದ್ದಾನೆಂದು ಊರಿಗೆಲ್ಲ ಗೊತ್ತಿದ್ದರೂ ಹೆಂಡತಿ 'ಊರಿಗೆ ಹೋಗ್ಯಾರ' ಎನ್ನುತ್ತಾಳೆ. ಯಾವ ಊರು ಎಂದು ಕೇಳುವಷ್ಟು ಮಾನಗೆಟ್ಟವರು ನಮ್ಮಲ್ಲಿರಲಿಲ್ಲ.

ಹೀಗೆ ಹೊಂದಿಕೊಂಡೆವು. ಜವಳಿ ಅಂಗಡಿಯವರು ಗೋಡೆಗುಂಟ ಗಾದಿ ಹಾಸಿದರು, ನಿಂತು ಕಾಲು ಸೋತರೆ ಗೋಡೆಗೆ ಮುಖ ಮಾಡಿಯೇ ಕೂಡಲು. ಕಿರಾಣಿ ಅಂಗಡಿಯಲ್ಲಿ ಒಂದು ಕೊಡ ನೀರು, ಒಂದು ಬುಟ್ಟಿ ಚುರುಮುರಿ ಕಾಯಂ ಇರುತ್ತಿತ್ತು. ನನ್ನದು ಹಿಟ್ಟಿನ ಗಿರಣಿ, ಊರಿನವರ ಬಾಯಲ್ಲಿ ನೀಲವ್ವನ ಗಿರಣಿ. ಸುಣ್ಣ ಬಳಿದ ನನ್ನ ಗೋಡೆಯ ತುಂಬ ಜನರ ಹಣೆಯ ಎಣ್ಣೆ ಕಲೆ. ಗಿಡ್ಡವರದು ಕೆಳಗೆ, ಉದ್ದನೆಯವರದು ಮೇಲೆ. ಮೊದಲು ನಾನು ಖಾರವನ್ನೂ ಕುಟ್ಟಿಕೊಡುತ್ತಿದ್ದೆ. ಖಾನಾವಳಿ ಫಕೀರಪ್ಪ ಒಂದು ದಿನ ಚೀಲ ತುಂಬ ಒಣಮೆಣಸಿನಕಾಯಿ ತಂದು ಸುರಿದ. ಯಂತ್ರ ಶುರುವಾದದ್ದೇ ತಡ, ಖಾರಕ್ಕೆ ಒಗ್ಗಿದ ನನ್ನೊಬ್ಬಳನ್ನು ಬಿಟ್ಟು ಒಳಗಿದ್ದವರೆಲ್ಲ ಕೂಡಿ ಕೆಮ್ಮಿದರು, ಕದ ಧಡ್ ಎಂದಿತು. ಎಲ್ಲರೂ 'ನಂದು, ನಂದು' ಎಂದು ಒಪ್ಪಿಕೊಂಡು ಮೆರವಣಿಗೆಯಂತೆ ಹಳ್ಳದಾಚೆ ಹೋದರು. ಒಬ್ಬರಿಗೂ ರೋಗವಿರಲಿಲ್ಲ, ಬರೀ ಮೆಣಸಿನಕಾಯಿ. ಮರುದಿನವೇ ಖಾರದ ಯಂತ್ರಕ್ಕೆ ಬೀಗ ಹಾಕಿದೆ. ಜೋಳ, ಗೋಧಿ ಮಾತ್ರ ಬೀಸುತ್ತಿದ್ದೆ. ಹಿಟ್ಟು ಹಾರದಂತೆ ಯಂತ್ರದ ಬಾಯಿಗೆ ಒದ್ದೆ ಗೋಣಿ ಕಟ್ಟುತ್ತಿದ್ದೆ.

ನಗುವ ಮಾತು ಅಲ್ಲಿಗೆ ಮುಗಿಯಿತು. ಛತ್ರದಿಂದ ಎಷ್ಟೋ ಜನ ಆರಾಮಾಗಿ ಬಂದರು, ಕೆಲವರು ಬರಲಿಲ್ಲ. ಸೇತುವೆ ದಾಟಿದವರು ಗುಣವಾಗುವ ತನಕ ಈಚೆ ಬರುವಂತಿರಲಿಲ್ಲ, ಈಚೆಯವರು ಆಚೆ ಹೋದರೆ ಅವರಿಗೂ ಅದೇ ನಿಯಮ. ಕುಂಬಾರ ಓಣಿಯ ಶಾಂತವ್ವ ತುಂಬಿದ ಬಸುರಿ, ಬಳೆ ಅಂಗಡಿಯಲ್ಲಿ ಕೆಮ್ಮಿ ಹೋದಳು. ಊರಿಗೆ ಇದ್ದವಳು ಒಬ್ಬಳೇ ಸೂಲಗಿತ್ತಿ, ಇಮಾಂಬಿ. ಅವಳನ್ನೂ ಕಳಿಸಿಬಿಟ್ಟರೆ ಈಚೆಯ ಬಸುರಿಯರ ಗತಿ ಏನು ಎಂದು ಹಿರಿಯರು ತಡೆದರು. ಶಾಂತವ್ವ ಅಲ್ಲಿ ಒಬ್ಬಳೇ ಹೆತ್ತಳು. ತಾಯಿಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ಆ ಸುದ್ದಿ ಬಂದ ದಿನ ನನ್ನ ಮಗಳು ಕಸ್ತೂರಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಿ ಕೇಳಿಸಿಕೊಂಡಳು. ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು.

ಅಂದಿನಿಂದ ಅವಳನ್ನು ನಾನು ಯಾವ ಅಂಗಡಿಯ ಹೊಸ್ತಿಲನ್ನೂ ದಾಟಗೊಡಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಓಣಿಯವರು ನಕ್ಕರು, ನಗಲಿ. ದಿನ ತುಂಬುತ್ತಾ ಬಂದಂತೆ ಇಮಾಂಬಿ, 'ಕುಂತ ಕುಂತಲ್ಲೇ ಕುಂದ್ರಸಬ್ಯಾಡ ಆಕೀನ್ನ, ನಾಕ್ ಹೆಜ್ಜಿ ನಡಿಲಿ' ಎಂದಳು. ಅದಕ್ಕೇ ಆ ದಿನ ಮಧ್ಯಾಹ್ನ ಕಸ್ತೂರಿ ನನಗೆ ಬುತ್ತಿ ತಂದಳು. ಹೊರಗೇ ಕೊಟ್ಟು ಹೋಗು ಎಂದು ನಾನು ಕೈಸನ್ನೆ ಮಾಡಿದೆ. ಒಳಗೆ ಇಮಾಂಬಿ ಜೋಳ ಬೀಸಿಸಿಕೊಳ್ಳುತ್ತಾ ನಿಂತಿದ್ದಳು. 'ಬಾ ಮಗಳ, ಹೊಟ್ಟಿ ಇಳದೈತೇನ ನೋಡ್ತೀನಿ' ಎಂದು ಕರೆದಳು. ಸೂಲಗಿತ್ತಿ ಕರೆದ ಮೇಲೆ ನಾನು ಏನು ಅನ್ನಲಿ. ಕಸ್ತೂರಿ ಒಳಗೆ ಬಂದು ಜೋಳದ ಚೀಲಗಳ ಮೂಲೆಯಲ್ಲಿ ಇಮಾಂಬಿಯ ಪಕ್ಕ ನಿಂತಳು. ಗಿರಣಿಯಲ್ಲಿ ಇನ್ನಿಬ್ಬರಿದ್ದರು. ಒಬ್ಬ ಖಾನಾವಳಿ ಫಕೀರಪ್ಪ. ಇನ್ನೊಬ್ಬರು ನಮ್ಮ ಓಣಿಯ ಗುರುಪಾದಪ್ಪ ಮಾಸ್ತರರು. ಶಾಲೆಯಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದವರು, ನಿವೃತ್ತಿಯಾದ ಮೇಲೆ ಊರಿಗೆಲ್ಲ ಡ್ರಿಲ್ ಮಾಡಿಸಲು ಹವಣಿಸುತ್ತಿದ್ದವರು.

ಜೋಳ ಮುಗಿಯಿತೆಂದು ನಾನು ಯಂತ್ರ ಆರಿಸಿದೆ. ಪಟ್ಟಾ ಇನ್ನೂ ಪಟಪಟ ಬಡಿಯುತ್ತಾ ನಿಧಾನವಾಗುತ್ತಿತ್ತು. ಆಗ ಚೀಲಗಳ ಮೂಲೆಯಿಂದ ಒಂದು ಕೆಮ್ಮು ಬಂತು. ದೊಡ್ಡದೇನಲ್ಲ. ಸೆರಗಿನೊಳಗೆ ಒತ್ತಿಹಿಡಿದ, ಒದ್ದೆಯಾದ ಒಂದೇ ಕೆಮ್ಮು. ನನ್ನ ಕೈ ಇನ್ನೂ ಗುಂಡಿಯ ಮೇಲಿತ್ತು. ಕದಗಳೆರಡೂ ಬಂದು ಕೂಡಿಕೊಂಡವು.

'ಎಲ್ಲಾರೂ ಗ್ವಾಡಿಗೆ ಮುಖ' ಎಂದರು ಮಾಸ್ತರರು, ಇದಕ್ಕೇ ಕಾದು ನಿಂತವರಂತೆ. ಎಲ್ಲರೂ ತಿರುಗಿದೆವು. ನನ್ನ ಹಣೆ ಗೋಡೆಗೆ ತಗಲಿತು. ಆ ಮೂಲೆಯಲ್ಲಿ ಇದ್ದವರು ಇಬ್ಬರೇ. ಇಮಾಂಬಿ ಕಲ್ಲು ತಿಂದು ಕಲ್ಲು ಅರಗಿಸುವ ಹೆಂಗಸು, ಅವಳು ಒಮ್ಮೆಯೂ ಮಲಗಿದ್ದನ್ನು ಊರು ಕಂಡಿರಲಿಲ್ಲ. ಇನ್ನುಳಿದವಳು ನನ್ನ ಮಗಳು. ಬೆಳಿಗ್ಗೆ ಒಗ್ಗರಣೆಯ ಹೊಗೆಗೆ ಅವಳು ಗಂಟಲು ಸರಿಮಾಡಿಕೊಂಡದ್ದು ನೆನಪಾಯಿತು. ಹೊಗೆಗೆ ಎಂದು ನಾನೇ ಸಮಾಧಾನ ಹೇಳಿಕೊಂಡಿದ್ದೆ. ಹೆತ್ತ ತಾಯಿಗೆ ಮಗಳ ಕೆಮ್ಮು ಗುರುತು ಸಿಗುವುದಿಲ್ಲವೇ? ಇದು ಕಸ್ತೂರಿಯದೇ ಎಂದು ನನ್ನ ಕರುಳು ಹೇಳಿಬಿಟ್ಟಿತು.

ಪಟ್ಟಾ ಪೂರ್ತಿ ನಿಂತಿತು. ಬೀದಿಯಲ್ಲಿ ಯಾರೋ ಹಾದುಹೋದರು, ಮುಚ್ಚಿದ ಕದ ನೋಡಿ ಹೆಜ್ಜೆ ಬಿರುಸು ಮಾಡಿದರು. ಮೂಲೆಯಲ್ಲಿ ಕಸ್ತೂರಿಯ ಬಳೆ ಒಮ್ಮೆ ಕಿಣಿಕಿಣಿ ಎಂದು ಗಪ್ಪಾದವು. ಬಾಯಿ ಮುಚ್ಚಿಕೊಂಡಳು ಎಂದುಕೊಂಡೆ. ಹೇಳಬೇಡ, ಹೇಳಬೇಡ ಮಗಳೇ ಎಂದು ಒಳಗೊಳಗೇ ಬೇಡಿಕೊಂಡೆ. ಹೇಳಿದರೆ ಹಳ್ಳದಾಚೆ, ಹೇಳದಿದ್ದರೆ ಈ ಕದದೊಳಗೆ. ಅತ್ತ ದರಿ, ಇತ್ತ ಪುಲಿ.

'ಹೇಳೋರು ಲಗೂನ ಹೇಳ್ರಿ, ಒಲಿ ಮ್ಯಾಲೆ ಬ್ಯಾಳಿ ಇಟ್ಟ್ ಬಂದೀನಿ' ಎಂದ ಫಕೀರಪ್ಪ. ಹಗುರಾಗಿ ಅನ್ನಲು ಹೋದ, ಧ್ವನಿ ಹಗುರಾಗಲಿಲ್ಲ.

ಬಿಸಿಲು ಕಿಂಡಿಯಿಂದ ಇಳಿದು ನನ್ನ ಹಿಮ್ಮಡಿ ಸುಡತೊಡಗಿತು. ಬೆವರು ಹಣೆಯಿಂದ ಗೋಡೆಗಿಳಿಯಿತು. ಮಾಸ್ತರರಿಗೆ ತಾಳ್ಮೆ ಮುಗಿಯಿತು. 'ಕೆಮ್ಮಿದ್ದು ಗಂಡಸಿನ ಕೆಮ್ಮು' ಎಂದರು. ಅವರ ಕಿವಿ ಸೂಕ್ಷ್ಮವೇನಲ್ಲ, ಪಕ್ಕದ ಓಣಿಯ ಬ್ಯಾಂಡು ಕೂಡ ಅವರಿಗೆ ಕೇಳಿಸುತ್ತಿರಲಿಲ್ಲ. 'ನಾ ಅಂತೂ ಕೆಮ್ಮಿಲ್ಲ. ಇಲ್ಲಿ ಗಂಡಸ್ರು ಇರೋರು ಇಬ್ಬರ.'

'ಮಾಸ್ತರ, ಇದು ರೀತಿ ಅಲ್ರಿ' ಎಂದ ಫಕೀರಪ್ಪ. 'ಹೆಸರು ಹಿಡದು ಆಡೂದು ನಮ್ಮೂರಾಗಿಲ್ಲ.'

'ನಾ ಹೆಸರ ಹಿಡದೀನೇನು?'

'ಇಬ್ಬರೊಳಗ ಒಬ್ಬರು ನಾ ಅಲ್ಲ ಅಂದ್ರ ಇನ್ನ ಯಾರು ಉಳದ್ರು? ನಾ ಲೆಕ್ಕದಾಗ ದಡ್ಡ ಅಂತ ಸಾಲ್ಯಾಗ ನೀವ ಹೊಡದಿದ್ರಿ, ಇಷ್ಟಾದ್ರೂ ತಿಳೀತೈತಿ.'

ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಮಾಸ್ತರರು ಗಂಟಲು ಏರಿಸಿದರು. ಊರು ಉಳಿಯಬೇಕಾದರೆ ಶಿಸ್ತು ಬೇಕು, ಒಬ್ಬನ ಹೇಡಿತನಕ್ಕೆ ಐದು ಜನ ಕೊಳೆಯಬೇಕೇ ಎಂದು ಭಾಷಣ ಶುರುವಾಯಿತು. 'ಇನ್ನೊಂದು ತಿಳ್ಕೊರ್ರಿ, ಸುಳ್ಳ ಒಪ್ಪಿಕೊಂಡ್ರ ಬಾಗಲಾ ತೆರಿಯೂದಿಲ್ಲ. ಖರೆ ಕೆಮ್ಮಿದವರ ಹೇಳಬೇಕು' ಎಂದರು. ಊರಿನವರೆಲ್ಲ ನಂಬಿದ್ದೂ ಅದನ್ನೇ. ಪರೀಕ್ಷೆ ಮಾಡಿ ನೋಡಿದವರು ಮಾತ್ರ ಯಾರೂ ಇರಲಿಲ್ಲ. ಕೆಮ್ಮದೆ ಕೆಮ್ಮಿದೆನೆಂದು ಹೇಳಿ ಛತ್ರ ಸೇರುವ ಹುಚ್ಚು ಯಾರಿಗಿತ್ತು?

ಮಾಸ್ತರರ ಭಾಷಣದ ನಡುವೆ ಕಸ್ತೂರಿ ನರಳಿದಳು. ಹಲ್ಲು ಕಚ್ಚಿ ಹಿಡಿದ ನರಳಿಕೆ ಅದು. ಮಾಸ್ತರರ ಮಾತು ಅಲ್ಲಿಗೇ ಕಡಿಯಿತು. ಎರಡನೆಯ ಸಲ ನರಳಿದಾಗ ನಾನು ರೀತಿ ರಿವಾಜನ್ನೆಲ್ಲ ಗಾಳಿಗೆ ತೂರಿ ತಿರುಗಿ ನೋಡಿದೆ. ಕಸ್ತೂರಿ ಚೀಲದ ಮೇಲೆ ಕುಸಿದು ಕುಳಿತಿದ್ದಳು. ಸೀರೆ ಒದ್ದೆಯಾಗಿತ್ತು. ಇಮಾಂಬಿ ಅವಳಿಂದ ಒಂದು ಮಾರು ದೂರ ಸರಿದು, ಸೆರಗನ್ನು ಬಾಯಿಗೆ ಸುತ್ತಿಕೊಂಡು ನಿಂತಿದ್ದಳು.

'ನೀರು ಹೋಗ್ಯಾವ, ನೀಲವ್ವ' ಎಂದಳು. 'ಇಲ್ಲಿ ಈ ಧೂಳಾಗ ಆಗೂದಿಲ್ಲ. ಮನೀಗೆ ಒಯ್ಯಬೇಕು. ಬಾಗಲಾ ತೆರೀಬೇಕು.'

ನಾನು ಕದದ ಹತ್ತಿರ ಓಡಿ ಎರಡೂ ಕೈಯಿಂದ ಗುದ್ದಿದೆ. ಫಕೀರಪ್ಪ ಭುಜ ಕೊಟ್ಟು ತಳ್ಳಿದ. ಗೋಡೆಯನ್ನು ತಳ್ಳಿದಂತಾಯಿತು. ಮಾಸ್ತರರು ಮಾತ್ರ ಗೋಡೆಗೆ ಮುಖ ಮಾಡಿಯೇ ನಿಂತಿದ್ದರು. 'ಯಾರರ ಹೇಳ್ರೆಪಾ' ಎಂದರು, ಈ ಸಲ ಬೇಡಿಕೊಳ್ಳುವ ದನಿಯಲ್ಲಿ.

ಕಸ್ತೂರಿ ನನ್ನ ಕಡೆ ನೋಡುತ್ತಿರಲಿಲ್ಲ. ಇಮಾಂಬಿಯನ್ನೇ ನೋಡುತ್ತಿದ್ದಳು. ಆ ಒಂದು ನೋಟವನ್ನು ಅರ್ಥ ಮಾಡಿಕೊಂಡಿದ್ದರೆ ಸಾಕಿತ್ತು. ಆದರೆ ನನಗೆ ಕಂಡದ್ದು ಸೇತುವೆ, ಅದರ ಮೇಲೆ ಹೊಟ್ಟೆ ಹೊತ್ತು ಒಬ್ಬಳೇ ನಡೆಯುತ್ತಿರುವ ನನ್ನ ಮಗಳು, ಅವಳ ಹಿಂದೆ ಶಾಂತವ್ವ. ಅವಳು ಬಾಯಿ ತೆರೆದರೆ ಮುಗಿಯಿತು. ಬೇನೆಯ ಹೊಡೆತಕ್ಕೆ ಇನ್ನೇನು ತೆರೆದೇಬಿಡುತ್ತಾಳೆ ಎನ್ನಿಸಿತು.

'ನಾನ...' ಎಂದು ಇಮಾಂಬಿ ಏನೋ ಹೇಳಹೊರಟಳು.

ನಾನು ಅವಳ ಮಾತು ಮುಗಿಯಗೊಡಲಿಲ್ಲ. 'ನಂದು' ಎಂದೆ. ಸುಳ್ಳಿಗೆ ಕದ ತೆರೆಯದಿದ್ದರೆ ಎಂಬ ಹೆದರಿಕೆಗೆ ಇನ್ನೂ ಗಟ್ಟಿಯಾಗಿ ಕೂಗಿದೆ. 'ನಂದು. ಆ ಕೆಮ್ಮು ನಂದು.'

ಕದ ತೆರೆಯಿತು. ಖರೆ ಹೇಳಿದವರಿಗೆ ತೆರೆಯುವಷ್ಟೇ ಸರಾಗವಾಗಿ, ಕಿರ್ ಎನ್ನದೆ ತೆರೆಯಿತು. ಯಾಕೆ ತೆರೆಯಿತು ಎಂದು ನಿಂತು ಯೋಚಿಸುವ ವ್ಯವಧಾನ ನನಗಿರಲಿಲ್ಲ. ಗೆದ್ದೆ ಎಂದಷ್ಟೇ ಅನ್ನಿಸಿತು. ಇಮಾಂಬಿಯ ಕಡೆ ತಿರುಗಿ, 'ನನ್ನ ಮಗಳು ನಿನ್ನ ಉಡ್ಯಾಗ ಅದಾಳ' ಎಂದೆ. ಇಮಾಂಬಿಯ ಮುಖ ಸುಣ್ಣದಂತಾಗಿತ್ತು. ಕಸ್ತೂರಿ ತಲೆ ಅಲ್ಲಾಡಿಸಿದಳು, ಬೇಡ ಬೇಡ ಎನ್ನುವಂತೆ. ಅವ್ವ ತನಗಾಗಿ ಹೋಗುತ್ತಿದ್ದಾಳೆಂದು ಸಂಕಟಪಡುತ್ತಿದ್ದಾಳೆ ಎಂದುಕೊಂಡೆ. ಮುಟ್ಟಬಾರದೆಂದು ದೂರದಿಂದಲೇ ಕೈ ಎತ್ತಿ, ಬಿಸಿಲಿಗಿಳಿದೆ. ಹಿಂದಿನಿಂದ ಮಾಸ್ತರರು, 'ಆರಾಮಾಗಿ ಬರ್ರಿ' ಎಂದದ್ದು ಕೇಳಿಸಿತು.

ಛತ್ರದಲ್ಲಿ ನನ್ನಷ್ಟು ಗಟ್ಟಿಮುಟ್ಟಾದ ರೋಗಿ ಬೇರೊಬ್ಬರಿರಲಿಲ್ಲ. ಪಡಸಾಲೆಯುದ್ದಕ್ಕೂ ಹಾಸಿಗೆಗಳು, ಹಾಸಿಗೆಗಳಲ್ಲಿ ಊರಿನವರೇ. ಎಲ್ಲರೂ 'ಊರಿಗೆ ಹೋದವರು'. ಕೂತಲ್ಲಿ ಕೂಡಲಾರದೆ ಅವರಿಗೆಲ್ಲ ಗಂಜಿ ಕಾಯಿಸಿಕೊಟ್ಟೆ, ಬಾವಿಯಿಂದ ನೀರು ಸೇದಿದೆ. ಕೈ ಕೆಲಸ ಮಾಡುತ್ತಿತ್ತು, ಕಿವಿ ಮಾತ್ರ ಹಳ್ಳದ ಕಡೆ. ಮರುದಿನ ಬೆಳಿಗ್ಗೆ ಫಕೀರಪ್ಪ ಛತ್ರಕ್ಕೆ ರೊಟ್ಟಿ ಬುಟ್ಟಿ ತಂದ. ದಿನಾ ಅವನೇ ತರುತ್ತಿದ್ದ; ಸೇತುವೆಯ ಊರ ಕಡೆಯ ತುದಿಯಲ್ಲಿಟ್ಟು ಕೂಗಿ ಹೇಳಿ ಹೋಗುವುದು ರೂಢಿ.

'ಹೆಣ್ಣು ಕೂಸು, ನೀಲವ್ವಕ್ಕ' ಎಂದು ಕೂಗಿದ. 'ತಾಯಿ ಮಗಳು ಇಬ್ಬರೂ ಛಲೋ ಅದಾರ. ಮಾಸ್ತರ ಹೆಂಡ್ತಿ ಸಾವಂತ್ರವ್ವ ಮನ್ಯಾಗ ಅದಾಳ, ಚಿಂತಿ ಮಾಡಬ್ಯಾಡ್ರಿ.'

ನಾನು ಅಲ್ಲೇ ಮಣ್ಣಿನಲ್ಲಿ ಕುಳಿತುಬಿಟ್ಟೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ನೆನಪಿಲ್ಲ. ಹಾಗೆ ಕುಳಿತವಳು ತಲೆಯೆತ್ತಿದಾಗ ಫಕೀರಪ್ಪನ ಹಿಂದಿನಿಂದ ಇನ್ನೊಬ್ಬರು ಸೇತುವೆಗೆ ಕಾಲಿಡುವುದು ಕಂಡಿತು. ಇಮಾಂಬಿ. ಬಗಲಲ್ಲಿ ಒಂದು ಬಟ್ಟೆಯ ಗಂಟು. ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತಾ, ಕಟಾಂಜನ ಹಿಡಿಯುತ್ತಾ ಬಂದಳು. ನಡುವೆ ಬಗ್ಗಿ ಕೆಮ್ಮಿದಳು. ಸೆರಗಿನಲ್ಲಿ ಒತ್ತಿಹಿಡಿದ, ಒದ್ದೆಯಾದ ಕೆಮ್ಮು. ಅದನ್ನು ಕೇಳಿದ ಕೂಡಲೇ ನಾನು ಎದ್ದು ನಿಂತೆ.

ನನ್ನಿಂದ ದೂರದಲ್ಲಿ ನಿಂತು ಅವಳೇ ಹೇಳಿದಳು. 'ಗಿರಣ್ಯಾಗ ಕೆಮ್ಮಿದ್ದು ನಾನ, ನೀಲವ್ವ.'

'ನನಗ ಯಾಕ ಹೇಳಲಿಲ್ಲ?' ಎಂದೆ. ನನ್ನ ಧ್ವನಿ ನನಗೇ ಪರಕೀಯವಾಗಿತ್ತು. 'ಅಲ್ಲೇ ಬಾಯಿ ಬಿಡಬೇಕಿತ್ತಿಲ್ಲೋ? ನಿನಗ ಬಾಯಿ ಇರಲಿಲ್ಲೇನು?'

'ಇತ್ತು.'

'ನೀ ಕೆಮ್ಮತೀ ಅಂತ ಗೊತ್ತಿದ್ದೂ ನನ್ನ ಮಗಳಿಗೆ ಕೈ ಹಚ್ಚಿದಿ.'

'ಮೊದಲ ಕಿಟಕಿ ಹೊರಗ ನಿಂತ ಹೇಳಿಕೊಟ್ಟೆ. ಸಾವಂತ್ರವ್ವ ಮಾಡಿದಳು. ಕೂಸಿನ ಭುಜ ಸಿಕ್ಕೊಂತು, ಆಕೀ ಕೈಲೆ ಆಗಲಿಲ್ಲ. ಒಳಗ ಹೋಗಬೇಕಾತು. ಬಾಯಿಗೆ ಎರಡ ಅರಿವಿ ಕಟ್ಟಿದ್ದೆ. ಉಸಿರು ಬಿಗಿಹಿಡದು ಹಿಡದು ಮಾಡೀನಿ.'

ಅಷ್ಟೇ ಹೇಳಿದಳು. ಅತ್ತು ಕರೆದು ಮಾಡಲಿಲ್ಲ, ಕ್ಷಮಿಸು ಎನ್ನಲಿಲ್ಲ, ಯಾಕೆ ಸುಮ್ಮನಿದ್ದೆ ಎಂಬುದಕ್ಕೆ ಒಂದು ಕಾರಣವನ್ನೂ ಕೊಡಲಿಲ್ಲ. ಅದರಿಂದ ನನ್ನ ಹೊಟ್ಟೆ ಇನ್ನೂ ಉರಿಯಿತು. ಹಾವನ್ನು ಹೊರಗೆ ಹಾಕುತ್ತೇನೆಂದು ಹೋಗಿ ಮಗಳ ತೊಟ್ಟಿಲಲ್ಲಿ ಬಿಟ್ಟು ಬಂದಂತಾಗಿತ್ತು ನನ್ನ ಜಾಣತನ. ಸಿಟ್ಟು ನನ್ನ ಮೇಲೂ ಇತ್ತು, ಆ ಸುಳ್ಳುಬುರುಕ ಕದದ ಮೇಲೂ ಇತ್ತು. ಆದರೆ ಕಣ್ಣೆದುರು ಇದ್ದವಳು ಇಮಾಂಬಿ, ಎಲ್ಲವನ್ನೂ ಅವಳ ಮೇಲೆ ಹೊರಿಸಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ, ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಅವಳು ಕೇಳಿಸಿಕೊಂಡು ಪಡಸಾಲೆಯ ಕೊನೆಯ ಹಾಸಿಗೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆಮೇಲೆ ನಾನು ಅವಳೊಂದಿಗೆ ಮಾತಾಡಲಿಲ್ಲ. ಎಲ್ಲರ ಜೊತೆ ಅವಳಿಗೂ ಗಂಜಿ ಕೊಟ್ಟೆ, ಬಟ್ಟಲನ್ನು ನೆಲಕ್ಕಿಟ್ಟು ತಿರುಗಿ ನೋಡದೆ ಬಂದೆ. ಜ್ವರ ಏರಿ ಅವಳು ಕನವರಿಸಿದರೆ ಒದ್ದೆ ಬಟ್ಟೆ ಹಾಕಲು ಬೇರೆಯವರನ್ನು ಕಳಿಸಿದೆ.

ಆ ದಿನಗಳು ಹೇಗೆ ಹೋದವೋ, ಅಂಥವು ನನ್ನ ಶತ್ರುವಿಗೂ ಬೇಡ. ಫಕೀರಪ್ಪ ಬರುವ ಹೊತ್ತಿಗೆ ಸೇತುವೆಯ ಬುಡದಲ್ಲಿ ನಿಂತಿರುತ್ತಿದ್ದೆ. ಅವನು ಬುಟ್ಟಿ ಇಡುವ ಮೊದಲೇ, 'ಕೆಮ್ಮತಾಳೇನು?' ಎಂದು ಕೂಗುತ್ತಿದ್ದೆ. 'ಇಲ್ರಿ' ಎನ್ನುತ್ತಿದ್ದ. 'ಮೈ ಬಿಸಿ?' 'ಇಲ್ರಿ ಅಕ್ಕಾರ, ತೊಟ್ಟಲಾ ತೂಗತಾಳ.' ಒಂದು 'ಇಲ್ರಿ' ಸಿಕ್ಕರೆ ಮಾರನೆಯ ಬೆಳಗಿನ ತನಕ ಅದರ ಮೇಲೆ ಬದುಕುತ್ತಿದ್ದೆ. ಸಂಜೆಯಾದಂತೆ ಅದೂ ಕರಗುತ್ತಿತ್ತು. ರೋಗ ಮೈಯಲ್ಲಿ ಕೆಲವು ದಿನ ಅಡಗಿ ಕೂತು ಆಮೇಲೆ ತಲೆಯೆತ್ತುತ್ತದೆ ಎಂಬುದನ್ನು ಛತ್ರದಲ್ಲಿದ್ದವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಒಂದು ಬೆಳಿಗ್ಗೆ ಫಕೀರಪ್ಪ ಬುಟ್ಟಿ ಇಟ್ಟ, ನಾನು ಕೂಗಿದೆ, ಅವನು ತಲೆಯೆತ್ತಲಿಲ್ಲ. ರೊಟ್ಟಿಯ ಮೇಲಿನ ಬಟ್ಟೆಯನ್ನು ಸರಿಮಾಡುತ್ತಲೇ ಇದ್ದ. ಮತ್ತೆ ಕೂಗಿದೆ. ಅವನು ಪಕ್ಕಕ್ಕೆ ಸರಿದು ನಿಂತು ಗಿಡದ ಕಡೆ ಮುಖ ಮಾಡಿದ. ಅಲ್ಲಿ ಗೋಡೆ ಇರಲಿಲ್ಲ, ಆದರೂ ಪಾಪ, ರೀತಿ ಬಿಡಲಿಲ್ಲ ಅವನು.

ಮೊದಲು ಕೆಮ್ಮು ಕೇಳಿಸಿತು. ಸಣ್ಣ, ಒಣ ಕೆಮ್ಮು; ನಗು ತಡೆದುಕೊಂಡ ಮಕ್ಕಳ ಬಾಯಿಂದ ಬರುವಂಥದ್ದು. ಎರಡು ಸಲ ಬಂದು ನಿಂತು, ಮತ್ತೆ ಎರಡು ಸಲ ಬಂತು. ಯಾರದಿದು ಎಂದು ನಾನು ಯೋಚಿಸಿದೆ. ಖರೆ ಹೇಳುತ್ತೇನೆ, ನನಗೆ ಗೊತ್ತಾಗಲಿಲ್ಲ. ತಲೆಗೆ ಅರಿವೆ ಕಟ್ಟಿಕೊಂಡು, ಎದೆಯ ಮೇಲೆ ಎರಡೂ ಕೈ ಅಡ್ಡವಿಟ್ಟುಕೊಂಡು ಕಸ್ತೂರಿ ಸೇತುವೆಯ ತಿರುವಿನಲ್ಲಿ ಕಾಣಿಸಿಕೊಂಡ ಮೇಲೆಯೇ ಅದು ನನ್ನ ಮಗಳ ಕೆಮ್ಮು ಎಂದು ತಿಳಿಯಿತು. ಹೊಟ್ಟೆಯಲ್ಲಿ ಹೊತ್ತವಳನ್ನು, ಎದೆಗೆ ಹಾಕಿಕೊಂಡು ಬೆಳೆಸಿದವಳನ್ನು, ಮೊದಲ ಸಲ ಕೇಳುವಂತೆ ಕೇಳುತ್ತಾ ನಿಂತಿದ್ದೆ. ಈ ಕೆಮ್ಮಿಗೂ ಅಂದು ಗಿರಣಿಯಲ್ಲಿ ಬಿದ್ದದ್ದಕ್ಕೂ ಹೋಲಿಕೆಯೇ ಇರಲಿಲ್ಲ. ನನಗೆ ಗೊತ್ತು ಎಂದುಕೊಂಡದ್ದು ನನ್ನ ಹೆದರಿಕೆಯನ್ನು ಮಾತ್ರ.

ಓಡಿದೆ. ಸೇತುವೆಯ ನಡುವೆ ಅವಳನ್ನು ಹಿಡಿದುಕೊಂಡೆ. ಮೈ ಕಾದ ಹಂಚಿನಂತಿತ್ತು.

'ಕೂಸು ಸಾವಂತ್ರವ್ವನ ಕಡೆ ಐತಿ, ಯವ್ವ' ಎಂದಳು. 'ಅದಕ್ಕ ಏನೂ ಇಲ್ಲ. ಆಕೀ ಸೊಸಿ ಬಾಣಂತಿ ಅದಾಳಲ್ಲ, ಹಾಲು ಕುಡಸತಾಳ.' ಉಸಿರು ಸಾಲದೆ ನಿಂತಳು. 'ಇಮಾಂಬಿ ಆಯಿ ಎಲ್ಲಿ? ಅದಾಳಿಲ್ಲೋ?'

'ಅದಾಳ, ಎಲ್ಲಿ ಹೋಗತಾಳ' ಎಂದೆ, ಮುಖ ಗಂಟಿಕ್ಕಿ. 'ಆಕೀ ಹೆಸರ ತಗೀಬ್ಯಾಡ ನನ್ನ ಮುಂದ.'

ಕಸ್ತೂರಿ ನನ್ನ ಕೈ ಬಿಡಿಸಿಕೊಂಡಳು. 'ಆಯಿ ನಿನಗ ಹೇಳಿಲ್ಲೇನು?'

'ಏನ ಹೇಳಬೇಕು?'

'ಕೆಮ್ಮಿದ ಕೂಡಲೇ ಹೇಳಾಕ ಹೊಂಟಿದ್ಲು ಆಕಿ. ನಾನ ಬಿಡಲಿಲ್ಲ. ರಟ್ಟಿ ಹಿಡದೆ, ಉಗುರು ನೆಟ್ಟು ಹಿಡದೆ. ಆಕಿ ಹಳ್ಳದ ಆಚೆ ಹೋದ್ರ ನಾನೂ ಶಾಂತವ್ವನ ಗತೆ ಸಾಯ್ತೀನಿ ಅನ್ನಿಸ್ತು, ಯವ್ವ. ಕೈ ಬಿಡಿಸ್ಕೊಳ್ಳಾಕ ನೋಡಿದ್ಲು, ಬಿಡಲಿಲ್ಲ ನಾನು. ಬ್ಯಾನಿ ಬಂದು ಕೈ ಸಡಲಾದ ಮ್ಯಾಲೆ ದೂರ ಸರದು ಬಾಯಿ ತೆಗದ್ಲು. ಅಷ್ಟರಾಗ ನೀ ಕೂಗಿದಿ.'

ಮಗಳ ಬೆನ್ನಿಗೆ ಕೈಕೊಟ್ಟು ಪಡಸಾಲೆಯ ತನಕ ನಡೆಸಿಕೊಂಡು ಬಂದೆ. ಇಷ್ಟು ದಿನ ನನ್ನ ಬೈಗುಳ ತಿಂದು, ನಾನು ನೆಲಕ್ಕೆ ಕುಕ್ಕಿದ ಬಟ್ಟಲು ಎತ್ತಿ ಕುಡಿದು, ಒಂದೇ ಒಂದು ಮಾತಿಗೆ ಎಲ್ಲ ತನ್ನ ಮೇಲಿಂದ ಇಳಿದುಹೋಗುತ್ತದೆಂದು ಗೊತ್ತಿದ್ದೂ ಆ ಹೆಂಗಸು ನನ್ನ ಮಗಳ ಹೆಸರೆತ್ತಿರಲಿಲ್ಲ. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

ಇಮಾಂಬಿ ಆಗಲೇ ಮೊಣಕೈ ಊರಿ ಎದ್ದು ಕೂಡಲು ನೋಡುತ್ತಿದ್ದಳು. ಜ್ವರಕ್ಕೆ ಬತ್ತಿದ ಮುಖ, ಕಣ್ಣು ಮಾತ್ರ ಕೆಲಸಕ್ಕೆ ನಿಂತ ಸೂಲಗಿತ್ತಿಯ ಕಣ್ಣು. ಅವಳು ನೋಡಿದ್ದು ನನ್ನನ್ನಲ್ಲ, ಕಸ್ತೂರಿಯ ಎದೆಯ ಮೇಲೆ ಅಡ್ಡವಿದ್ದ ಕೈಗಳನ್ನು.

'ಹಾಲು ಕಟಗೊಂಡಾವ ಆಕೀಗೆ' ಎಂದಳು. 'ನೆಲದ ಮ್ಯಾಲೆ ಕುಂದ್ರಸಬ್ಯಾಡ, ಥಂಡಿ ಹತ್ತತೈತಿ. ಬಿಸಿನೀರಾಗ ಅರಿವಿ ಅದ್ದಿ ಇಡಬೇಕು.' ಕೆಮ್ಮು ಬಂದು ಮಾತು ನಿಂತಿತು. ಕಸ್ತೂರಿಗೂ ಕೆಮ್ಮು ಬಂತು. ಒಂದು ದಪ್ಪದ್ದು, ಒಂದು ಸಣ್ಣದ್ದು, ಎರಡೂ ನನಗೆ ಬೇರೆ ಬೇರೆಯಾಗಿ ಕೇಳಿಸಿದವು.

ನಾನು ಇಮಾಂಬಿಯ ಹತ್ತಿರ ಹೋಗಿ, ಅವಳ ಬೆನ್ನಿಗೆ ದಿಂಬು ಒತ್ತುಕೊಟ್ಟು ಕೂಡಿಸಿದೆ. ಅವಳ ರಟ್ಟೆಯ ಮೇಲೆ ನಾಲ್ಕು ಉಗುರಿನ ಕಲೆ ಇನ್ನೂ ಕಪ್ಪಾಗಿ ಉಳಿದಿದ್ದವು.

'ಮತ್ತೇನ ಮಾಡಲಿ?' ಎಂದೆ. 'ನನಗ ಇದೆಲ್ಲ ತಿಳಿಯೂದಿಲ್ಲ. ನೀ ಹೇಳು, ಇಮಾಂಬಿ. ನೀ ಹೇಳಿದಂಗ ಮಾಡತೀನಿ.'

ಅವಳು ಉಸಿರು ಕೂಡಿಸಿಕೊಂಡು ಒಂದೊಂದಾಗಿ ಹೇಳತೊಡಗಿದಳು. ನಾನು ಕಸ್ತೂರಿಯ ಹಾಸಿಗೆಯನ್ನು ಅವಳ ಹಾಸಿಗೆಗೆ ಹೊಂದಿಸಿ ಹಾಸಿದೆ.